ಗುಜರಿ ಅಂಗಡಿಯ ಮರಗೆಲಸದ ಮಷಿನ್‌ಗೂ ಇನ್ನೂರು ವರ್ಷದ ಕತೆ ಇದೆ

ನಮ್ಮ ಬಳಗದ ಗೆಳೆಯನೊಬ್ಬನ ಅಣ್ಣ ಬಡಗಿ ಕೆಲಸದವರು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಅಂಗಡಿಯಲ್ಲಿ ದುಡಿದು ಈಗ ಊರಿಗೆ ವಾಪಸ್ ಬಂದಿದ್ದಾರೆ. ಮನೆ ಹಿಂದೆ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದಕ್ಕೇ ಹೊಸ ಶೀಟ್ ಹೊದಿಸಿ, ಬಾಗಿಲು, ಕಿಟಕಿ, ಮಂಚ ಮಾಡಿಕೊಡುವ ಸ್ವಂತ ಕೆಲಸ ಶುರು ಮಾಡಬೇಕು ಅನ್ನುವುದು ಅವರ ಆಸೆ. ಕೈಯಲ್ಲಿದ್ದದ್ದು 40 ಸಾವಿರ ರೂಪಾಯಿ. ಹೊಸ ಮಷಿನ್‌ಗಳಿಗೆ ಅದು ಸಾಲದು. "ನೀವು ಓದಿದವರು, ಫೋನಲ್ಲಿ ಹಳೇ ಮಷಿನ್ ಮಾರ್ತಾರಂತಲ್ಲ, ಸ್ವಲ್ಪ ನೋಡಿ ಹೇಳ್ರಪ್ಪ" ಅಂದರು.

ನಾವು ನೋಡಿದೆವು. ಮೂರು ಭಾನುವಾರ ಅವರ ಜೊತೆ ತಿರುಗಿದೆವು. ಅವರ ಎಡಗೈ ತೋರುಬೆರಳಿನ ತುದಿ ಇಲ್ಲ. ಎಂಟು ವರ್ಷದ ಹಿಂದೆ ಅಂಗಡಿಯೊಂದರಲ್ಲಿ ಗಾರ್ಡ್ ಬಿಚ್ಚಿಟ್ಟಿದ್ದ ಹಳೇ ಕಟ್ಟರ್‌ಗೆ ಅದು ಹೋಯಿತು. ಹಾಗಾಗಿ ಪ್ರತಿ ಮಷಿನ್ ಮುಂದೆ ನಿಂತಾಗಲೂ ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದಕ್ಕೆ ಮುಚ್ಚಳ ಇತ್ತಲ್ಲ, ಎಲ್ಲಿ?" ರೇಟಿನ ಮಾತು ಆಮೇಲೆ.

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕಿದ್ದು ಈ ಕತೆ. ಹಳೇ ಮಷಿನ್ ಕೊಳ್ಳುವವರು ಅದು ಯಾವ ಕಾಲದ್ದು, ಯಾಕೆ ಹಾಗಿದೆ ಎಂದು ತಿಳಿದರೆ ದುಡ್ಡೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ಗರಗಸ ತಿರುಗಲು ಶುರುವಾದದ್ದು

ನಮ್ಮ ಅಜ್ಜಂದಿರ ಕಾಲದಲ್ಲಿ ದಿಮ್ಮಿ ಕೊಯ್ಯುವುದಕ್ಕೆ ಇಬ್ಬರು ಬೇಕಿತ್ತು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ, ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಕೆಳಗಿದ್ದವನ ಕಣ್ಣಿಗೆಲ್ಲ ಹೊಟ್ಟು. ಇಂಗ್ಲೆಂಡಿನಲ್ಲೂ ಹಾಗೆಯೇ ಇತ್ತು. ಅಲ್ಲಿ ನೆಲದಲ್ಲಿ ಗುಂಡಿ ತೋಡಿ ಒಬ್ಬನನ್ನು ಅದರೊಳಗೆ ಇಳಿಸುತ್ತಿದ್ದರು.

ಹೀಗೆ ಗರಗಸ ಎಳೆದೇ ಹೊಟ್ಟೆ ಹೊರೆಯುತ್ತಿದ್ದವರಿಗೆ ಮಷಿನ್ ಅಂದರೆ ಭಯ. 1768ರ ಮೇ ತಿಂಗಳಲ್ಲಿ ಲಂಡನ್ನಿನ ಲೈಮ್‌ಹೌಸ್ ಎಂಬಲ್ಲಿ ಚಾರ್ಲ್ಸ್ ಡಿಂಗ್ಲಿ ಎಂಬ ವ್ಯಾಪಾರಿ ಕಟ್ಟಿಸಿದ್ದ ಗಾಳಿಯಂತ್ರದ ಸಾಮಿಲ್ಲಿಗೆ ಗರಗಸದ ಕೆಲಸಗಾರರು ನುಗ್ಗಿ ಅದನ್ನು ಒಡೆದು ಹಾಕಿದರು. ನಮ್ಮ ಕೆಲಸ ಹೋಯಿತು ಅನ್ನುವ ಸಿಟ್ಟು ಅದು. ಇವತ್ತಿಗೂ ಆ ಸಿಟ್ಟು ನಮಗೆ ಅರ್ಥವಾಗದ್ದೇನಲ್ಲ.

ಒಂಬತ್ತು ವರ್ಷದ ನಂತರ, 1777ರಲ್ಲಿ, ಸೌತಾಂಪ್ಟನ್‌ನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟಿನಲ್ಲಿ ದುಂಡು ಗರಗಸದ ಮಾತು ಬರುತ್ತದೆ. ಹಿಂದಕ್ಕೆ ಮುಂದಕ್ಕೆ ಎಳೆಯುವ ಗರಗಸ ಅರ್ಧ ಹೊತ್ತು ಸುಮ್ಮನೆ ಓಡಾಡುತ್ತದೆ, ಹೋಗುವಾಗ ಕೊಯ್ದರೆ ಬರುವಾಗ ಕೊಯ್ಯುವುದಿಲ್ಲ. ಚಕ್ರದ ಅಂಚಿಗೆ ಹಲ್ಲು ಕೊಟ್ಟರೆ ಅದು ಬಿಡುವಿಲ್ಲದೆ ಕೊಯ್ಯುತ್ತದೆ. ಇಂದು ನಿಮ್ಮೂರಿನ ಪ್ಲೈವುಡ್ ಕೆಲಸದವನ ಕೈಯಲ್ಲಿರುವ ಕಟ್ಟರ್‌ನ ಮೂಲ ಅದೇ.

ಸಾಮಿಲ್ಲುಗಳಲ್ಲಿ ಕಾಣುವ ಬ್ಯಾಂಡ್ ಸಾ, ಅಂದರೆ ಎರಡು ಚಕ್ರದ ಮೇಲೆ ಓಡುವ ಪಟ್ಟಿ ಗರಗಸ, ಇಂಗ್ಲೆಂಡಿನ ವಿಲಿಯಂ ನ್ಯೂಬೆರಿಯ ಯೋಚನೆ. 1809ರ ಹೊತ್ತಿಗೇ ಪೇಟೆಂಟ್ ಆಗಿತ್ತು. ಆದರೆ ಪಟ್ಟಿಯ ಎರಡು ತುದಿಗಳನ್ನು ಬೆಸೆದರೆ ಬೆಸುಗೆ ನಿಲ್ಲುತ್ತಿರಲಿಲ್ಲ, ಪದೇ ಪದೇ ತುಂಡಾಗುತ್ತಿತ್ತು. ಯೋಚನೆ ಹಾಗೇ ಮೂಲೆ ಸೇರಿತು. ಸುಮಾರು ನಾಲ್ಕು ದಶಕದ ನಂತರ, 1846ರಲ್ಲಿ, ಫ್ರಾನ್ಸ್‌ನ ಆನ್ ಪೋಲಿನ್ ಕ್ರೆಪಾನ್ ಎಂಬ ಹೆಣ್ಣುಮಗಳು ಬೆಸೆಯುವ ವಿಧಾನ ಕಂಡುಹಿಡಿದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಹಳೇ ಬ್ಯಾಂಡ್ ಸಾ ನೋಡಲು ಹೋದಾಗ ಪಟ್ಟಿಯ ಬೆಸುಗೆಯನ್ನು ಬೆರಳಿಟ್ಟು ಮುಟ್ಟಿ ನೋಡಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಮಷಿನ್ ನಿಂತಿರುವಾಗ, ಕರೆಂಟ್ ತೆಗೆದಿರುವಾಗ ಮಾತ್ರ!

ನೂರಹತ್ತು ಜನರ ಕೆಲಸಕ್ಕೆ ಹತ್ತು ಜನ

ಮರಗೆಲಸದ ಮಷಿನ್‌ಗಳ ನಿಜವಾದ ಹೆರಿಗೆ ಮನೆ ಇಂಗ್ಲೆಂಡಿನ ನೌಕಾಪಡೆಯ ಕಾರ್ಖಾನೆ.

ಆಗಿನ ಯುದ್ಧ ಹಡಗು ಓಡುತ್ತಿದ್ದುದು ಹಾಯಿ ಕಟ್ಟಿಕೊಂಡು. ಹಾಯಿಯ ಹಗ್ಗ ಎಳೆಯಲು ಮರದ ರಾಟೆ ಬೇಕು. ಒಂದು ದೊಡ್ಡ ಹಡಗಿಗೆ ಸುಮಾರು ಒಂದು ಸಾವಿರ ರಾಟೆ. ಫ್ರಾನ್ಸ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಕೈಯಲ್ಲಿ ಕೆತ್ತಿ ಪೂರೈಸಲು ಆಗುತ್ತಿರಲಿಲ್ಲ.

ನೌಕಾಪಡೆಯ ಕೆಲಸಗಳ ಮುಖ್ಯಾಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಬೆಂಥಮ್ ಅದಕ್ಕೂ ಮೊದಲೇ, 1791 ಮತ್ತು 1793ರಲ್ಲಿ, ಮರ ಉಜ್ಜುವ, ಕೊರೆಯುವ, ಕೊಯ್ಯುವ ಮಷಿನ್‌ಗಳಿಗೆ ಪೇಟೆಂಟ್ ತೆಗೆದುಕೊಂಡಿದ್ದ. ಅವನ ಅಣ್ಣ ಜೆರೆಮಿ ಬೆಂಥಮ್ ಹೆಸರಾಂತ ಚಿಂತಕ. ಅಣ್ಣ ಹೊಸ ಬಗೆಯ ಜೈಲು ಕಟ್ಟುವ ಯೋಜನೆ ಹಾಕಿದ್ದ, ಅಲ್ಲಿನ ಕೈದಿಗಳ ಕೈಯಲ್ಲಿ ಕೆಲಸ ತೆಗೆಸುವುದೂ ತಮ್ಮನ ಮಷಿನ್‌ಗಳ ಹಿಂದಿದ್ದ ಉದ್ದೇಶ. ಕಸುಬು ಗೊತ್ತಿಲ್ಲದವನೂ ಮಾಡುವಂತಿರಬೇಕು! ಬಡಗಿಯ ಕೈಚಳಕವನ್ನು ಮಷಿನ್ ಒಳಗೆ ಇಳಿಸುವ ಆಲೋಚನೆ ಹುಟ್ಟಿದ್ದು ಹೀಗೆ.

ನಂತರ ಫ್ರಾನ್ಸ್‌ನಿಂದ ಬಂದಿದ್ದ ಮಾರ್ಕ್ ಬ್ರೂನೆಲ್ ರಾಟೆ ಮಾಡುವ ಮಷಿನ್‌ಗಳ ನಕ್ಷೆ ಕೊಟ್ಟ. ಹೆನ್ರಿ ಮಾಡ್ಸ್‌ಲೇ ಅವನ್ನು ಕಬ್ಬಿಣದಲ್ಲಿ ಮಾಡಿಕೊಟ್ಟ. ಪೋರ್ಟ್ಸ್‌ಮತ್ ಬಂದರಿನಲ್ಲಿ ಅವು ಹಬೆ ಎಂಜಿನ್ ಬಲದಿಂದ ಓಡಿದವು. 1808ರಲ್ಲಿ ಒಂದೇ ವರ್ಷಕ್ಕೆ 1,30,000 ರಾಟೆ ತಯಾರಾದವು. 110 ಕುಶಲ ಕೆಲಸಗಾರರು ಮಾಡುತ್ತಿದ್ದುದನ್ನು ಕಸುಬಿನ ತರಬೇತಿ ಇಲ್ಲದ 10 ಜನ ಮಾಡುತ್ತಿದ್ದರು.

ಹಳೇ ಮಾಲು ಕೊಳ್ಳುವವರಿಗೆ ಇಲ್ಲಿ ಇನ್ನೊಂದು ವಿಷಯ ಇದೆ. ಆ ಮಷಿನ್‌ಗಳಲ್ಲಿ ಕೆಲವು 1960ರ ದಶಕದವರೆಗೂ ಕೆಲಸ ಮಾಡಿದವು. ನೂರೈವತ್ತು ವರ್ಷ! ಎರಕದ ಕಬ್ಬಿಣದ ಮೈ, ಗಟ್ಟಿ ಶಾಫ್ಟ್, ಬಿಚ್ಚಿ ಸರಿ ಮಾಡಬಹುದಾದ ಭಾಗಗಳು. ಮಷಿನ್ ಹಳೆಯದಾದ ಮಾತ್ರಕ್ಕೆ ಕೆಡುವುದಿಲ್ಲ. ಅದರ ಬೇರಿಂಗು, ಬ್ಲೇಡು, ವೈರು ಸವೆಯುತ್ತವೆ. ಮೈ ನಿಲ್ಲುತ್ತದೆ.

ಹತ್ತರಿಯ ಜಾಗಕ್ಕೆ ಬಂದದ್ದು

ಮೊದಲನೇ ಭಾನುವಾರ ನಾವು ಹೋದದ್ದು ಮುಚ್ಚಿಹೋದ ಫರ್ನಿಚರ್ ಅಂಗಡಿಯೊಂದಕ್ಕೆ. ಮೂಲೆಯಲ್ಲಿ ಮರ ಮಟ್ಟ ಮಾಡುವ ದೊಡ್ಡ ರಂಧಾ ಮಷಿನ್ ನಿಂತಿತ್ತು. ಆನೆ ತೂಕದ್ದು, ಬೆಲೆ ಬರೀ 12 ಸಾವಿರ. ಅಣ್ಣ ಬಗ್ಗಿ ಬ್ಲೇಡ್ ಕೂರುವ ಉರುಳೆ ನೋಡಿದರು. ಚೌಕಾಕಾರದ್ದು. ಒಂದು ಮಾತೂ ಆಡದೆ ಎದ್ದು ಹೊರಗೆ ಬಂದರು.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಲಗೆ ಉಜ್ಜುವ ಮಷಿನ್‌ಗೆ ಅಮೆರಿಕದ ವಿಲಿಯಂ ವುಡ್‌ವರ್ತ್ 1828ರಲ್ಲಿ ಪೇಟೆಂಟ್ ಪಡೆದ. ತಿರುಗುವ ಉರುಳೆಗೆ ಬ್ಲೇಡ್ ಕಟ್ಟಿ, ಹಲಗೆಯನ್ನು ಅದರ ಕೆಳಗೆ ತೂರಿಸುವುದು. ಕೈಯಲ್ಲಿ ಹತ್ತರಿ ಹಿಡಿದು ದಿನವಿಡೀ ಉಜ್ಜುವ ಕೆಲಸ ನಿಮಿಷಗಳಿಗೆ ಇಳಿಯಿತು. ಆದರೆ ಅವನೂ, ಅವನ ಪೇಟೆಂಟ್ ಹಕ್ಕು ಕೊಂಡವರೂ ಆ ಮಷಿನ್ ಇಟ್ಟವರಿಂದೆಲ್ಲ ಹಣ ಕೇಳಿದರು. ಕೊಡದವರ ಮೇಲೆ ಕೇಸು. ಅವಧಿ ಮುಗಿದರೂ ಎರಡು ಸಲ ವಿಸ್ತರಿಸಿಕೊಂಡು 1856ರವರೆಗೆ ಆ ಹಿಡಿತ ನಡೆಯಿತು. ಅದು ಮುಗಿದ ಮೇಲೆ ಯಾರು ಬೇಕಾದರೂ ಅಂಥ ಮಷಿನ್ ಮಾಡುವಂತಾಯಿತು.

ಕೈಯಿಂದ ಮರ ತಳ್ಳುವ ಹಳೇ ರಂಧಾ ಮಷಿನ್‌ಗಳಲ್ಲಿ ಬ್ಲೇಡ್ ಕಟ್ಟುತ್ತಿದ್ದುದು ಚೌಕದ ಕಬ್ಬಿಣದ ತುಂಡಿಗೆ. ಚೌಕದ ಮೂಲೆಗಳ ನಡುವೆ ದೊಡ್ಡ ಸಂದು ಇರುತ್ತದೆ. ಕೈ ಜಾರಿದರೆ ಆ ಸಂದು ಕೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆರಳಲ್ಲ, ಅಂಗೈಯೇ ಹೋಗುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ದುಂಡು ಉರುಳೆ ಬಂತು. ಸಂದು ಕಿರಿದಾಯಿತು. ಅದರಲ್ಲೂ ಗಾಯ ಆಗುತ್ತದೆ, ಆದರೆ ಕೈ ಉಳಿಯುತ್ತದೆ. ಅಣ್ಣನಿಗೆ ಈ ಇಸವಿಗಳೇನೂ ಗೊತ್ತಿರಲಿಲ್ಲ. ಅವರ ಗುರುಗಳು ಹೇಳಿಕೊಟ್ಟಿದ್ದರು: "ಚೌಕದ ಉರುಳೆ ಕಂಡ್ರೆ ನಮಸ್ಕಾರ ಮಾಡಿ ವಾಪಸ್ ಬಾ."

ಮೋಟಾರು ಬಂದ ಮೇಲೆ

ಹಬೆ ಎಂಜಿನ್ ಕಾಲದಲ್ಲಿ ಮರಗೆಲಸದ ಮಷಿನ್ ಮನೆಗೆ ಬರುವಂತೆಯೇ ಇರಲಿಲ್ಲ. ಒಂದು ಎಂಜಿನ್, ಮಾಡಿನ ಕೆಳಗೆ ಉದ್ದಕ್ಕೂ ಒಂದು ಶಾಫ್ಟ್, ಅದರಿಂದ ಪ್ರತಿ ಮಷಿನ್‌ಗೂ ಚರ್ಮದ ಬೆಲ್ಟ್. ಎಲ್ಲ ಒಂದೇ ಸೂರಿನಡಿ ಇರಬೇಕು. ವಿದ್ಯುತ್ ಮೋಟಾರ್ ಬಂದು ಈ ಬೆಲ್ಟ್ ಕತ್ತರಿಸಿತು. ಪ್ರತಿ ಮಷಿನ್‌ಗೆ ಅದರದೇ ಎಂಜಿನ್ ಸಿಕ್ಕಿತು.

ನಮ್ಮ ನಾಡಿನಲ್ಲಿ ಈ ಕತೆ ಬೇಗನೇ ಶುರುವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಶುರುವಾಗಿ ಮೋಟಾರುಗಳು ಇಲ್ಲೇ ತಯಾರಾದವು. ಈ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಮಷಿನ್, ಕಬ್ಬಿಣದ ನೇಗಿಲು ಮಾಡಿ ಮೇಲೆ ಬಂದವರು. ಇವತ್ತಿಗೂ ಹಳೇ ಮಷಿನ್ ಮಾರುವವರು "ಮೋಟಾರು ಕಿರ್ಲೋಸ್ಕರ್ ಸಾರ್" ಎಂದು ಒತ್ತಿ ಹೇಳುತ್ತಾರೆ.

ಆದರೆ ಮೋಟಾರಿನ ಹೆಸರಿಗಿಂತ ಅದರ ಮೇಲಿನ ತಗಡಿನ ಫಲಕ ಓದುವುದು ಮುಖ್ಯ. ಕಾರ್ಖಾನೆಗಳಿಂದ ಬಂದ ದೊಡ್ಡ ಮಷಿನ್‌ಗಳಿಗೆ ಸಾಮಾನ್ಯವಾಗಿ 415 ವೋಲ್ಟ್, ಮೂರು ಫೇಸ್ ಬೇಕು. ನಮ್ಮ ಮನೆಗೆ ಬರುವುದು 230 ವೋಲ್ಟ್, ಒಂದು ಫೇಸ್. ಅಗ್ಗಕ್ಕೆ ಸಿಕ್ಕಿತು ಎಂದು ಟೆಂಪೋದಲ್ಲಿ ಹೇರಿಕೊಂಡು ಬಂದ ಮೇಲೆ ಮೋಟಾರ್ ಬದಲಿಸಬೇಕು, ಇಲ್ಲವೇ ಬೇರೆ ಕನೆಕ್ಷನ್‌ಗೆ ಅರ್ಜಿ ಹಾಕಬೇಕು. ಪಂಪ್‌ಸೆಟ್ಟಿನ ಲೈನಿನಿಂದ ಎಳೆದುಕೊಳ್ಳೋಣ ಅನ್ನುವವರೂ ಇದ್ದಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಇನ್ನು ಹೊರದೇಶದಿಂದ ಬಂದ ಮಷಿನ್ ಮೇಲೆ 110 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಿದ ಕೂಡಲೇ ಸುಟ್ಟು ಹೋಗುತ್ತದೆ.

ಮಷಿನ್ ಕೈಗೆ ಬಂತು

ಎರಡನೇ ಭಾನುವಾರ ಬೆಂಗಳೂರಿನ ಸಂಡೆ ಬಜಾರ್. ಅವೆನ್ಯೂ ರಸ್ತೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ನೆಲದ ಮೇಲೆ ಹಾಸಿದ ಗೋಣಿಚೀಲಗಳು. ಡ್ರಿಲ್ಲು, ಜಿಗ್ ಸಾ, ಕೈ ಪ್ಲೇನರ್, ಕಟ್ಟರ್, ಹಿಡಿ ಇಲ್ಲದ್ದು, ವೈರ್ ಇಲ್ಲದ್ದು. ಈ ಒಂದೊಂದಕ್ಕೂ ಒಂದೊಂದು ಕತೆ.

ಬೈರಿಗೆಯ ಜಾಗಕ್ಕೆ ಬಂದ ಡ್ರಿಲ್: 1889ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟ್ ಆಯಿತು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ಡ್ರಿಲ್ ಮಾಡಿತು. ಆದರೂ ಭಾರ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಂಕನ್ ಬ್ಲ್ಯಾಕ್, ಅಲೊಂಜೊ ಡೆಕರ್ ಎಂಬ ಇಬ್ಬರು ಗೆಳೆಯರು 1910ರಲ್ಲಿ ಅಂಗಡಿ ಹಾಕಿದರು. ಬಂಡವಾಳಕ್ಕೆ ಬ್ಲ್ಯಾಕ್ ತನ್ನ ಕಾರನ್ನೇ 600 ಡಾಲರಿಗೆ ಮಾರಿದ್ದ. ಅಂದರೆ ಈ ವ್ಯವಹಾರದ ಬೇರಿನಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಮಾರಾಟ ಇದೆ! ಪಿಸ್ತೂಲಿನಂಥ ಹಿಡಿ, ಬೆರಳಿನಲ್ಲಿ ಒತ್ತುವ ಸ್ವಿಚ್ ಇರುವ ಡ್ರಿಲ್ಲಿಗೆ 1917ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಇವತ್ತಿನ ಡ್ರಿಲ್ಲಿನ ರೂಪ ಅದೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಾರ್ಖಾನೆ ಕೆಲಸಗಾರರು ಡ್ರಿಲ್ಲುಗಳನ್ನು ಮನೆಗೆ ಒಯ್ಯುತ್ತಿದ್ದುದನ್ನು ಕಂಡು ಕಂಪನಿಗೆ ಮನೆ ಮಾರುಕಟ್ಟೆಯ ಯೋಚನೆ ಬಂತು ಎಂದು ಹೇಳುತ್ತಾರೆ. 1946ರಲ್ಲಿ ಮನೆಬಳಕೆಯ ಡ್ರಿಲ್ ಮಾರಾಟಕ್ಕೆ ಬಂತು.

ಕೈ ಕಟ್ಟರ್: ಇದರ ಕತೆ ಮಂಡ್ಯದವರಿಗೆ ಇಷ್ಟವಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಎಡ್ಮಂಡ್ ಮಿಶೆಲ್ ಎಂಬಾತ ಕಬ್ಬು ಕಡಿಯುವವರು ಮಚ್ಚು ಬೀಸುವುದನ್ನು ನೋಡಿದ. ಮಚ್ಚಿಗೇ ಮೋಟಾರ್ ಕಟ್ಟಿದರೆ ಹೇಗೆ ಎಂದು ಶುರು ಮಾಡಿ, ಕೊನೆಗೆ ದುಂಡು ಗರಗಸಕ್ಕೆ ಬಂದ. 1924ರಲ್ಲಿ ಕಂಪನಿ ಹುಟ್ಟಿತು. ಸ್ಕಿಲ್‌ಸಾ ಎಂಬ ಹೆಸರು ಅಲ್ಲಿಂದ ಬಂದದ್ದು.

ಜಿಗ್ ಸಾ: 1946ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಕೌಫ್‌ಮನ್ ಹೆಂಡತಿಯ ಹೊಲಿಗೆ ಮಷಿನ್ನಿನ ಸೂಜಿ ತೆಗೆದು ಅಲ್ಲಿಗೆ ಗರಗಸದ ಬ್ಲೇಡ್ ಸಿಕ್ಕಿಸಿದ. ಸೂಜಿಯ ಹಾಗೆ ಮೇಲೆ ಕೆಳಗೆ ಓಡಾಡುತ್ತಾ ಅದು ಮರ ಕೊಯ್ದಿತು. ಹೆಂಡತಿ ಏನಂದಳೋ! ಅವನು ಕೆಲಸ ಮಾಡುತ್ತಿದ್ದ ಸಿಂಟಿಲ್ಲಾ ಕಂಪನಿ ಮರುವರ್ಷ ಅದನ್ನು ಮಾರಾಟಕ್ಕೆ ತಂದಿತು. ಆಮೇಲೆ ಆ ಕಂಪನಿ ಬಾಷ್‌ನವರ ಕೈಗೆ ಹೋಯಿತು.

ಕೈ ಪ್ಲೇನರ್: ಜಪಾನಿನ ನಗೋಯಾದಲ್ಲಿ 1915ರಲ್ಲಿ ಮೋಟಾರ್ ಮಾರುವ, ರಿಪೇರಿ ಮಾಡುವ ಅಂಗಡಿಯಾಗಿ ಶುರುವಾದದ್ದು ಮಕಿಟಾ. 1958ರಲ್ಲಿ ಅವರು ಕೈಯಲ್ಲಿ ಹಿಡಿಯುವ ವಿದ್ಯುತ್ ಪ್ಲೇನರ್ ತಂದರು. ಚೌಕಟ್ಟಿನ ಮರ ಉಜ್ಜಲು ನಮ್ಮ ಹಳ್ಳಿಗಳಲ್ಲಿ ಬಳಸುವುದು ಆ ಜಾತಿಯದ್ದೇ.

ಪೋರ್ಟ್ಸ್‌ಮತ್‌ನಲ್ಲಿ ಬಡಗಿಯ ಕೈಯಿಂದ ಕಾರ್ಖಾನೆಗೆ ಹೋದ ಕೆಲಸ ಈ ಸಣ್ಣ ಮಷಿನ್‌ಗಳ ಮೂಲಕ ಮತ್ತೆ ಬಡಗಿಯ ಕೈಗೆ ಬಂತು. ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಇದ್ದವರು ಮನೆ ಹಿಂದಿನ ಶೆಡ್ಡಿನಲ್ಲಿ ಯಜಮಾನರಾಗಬಹುದು ಅನ್ನುವುದು ಸಾಧ್ಯವಾದದ್ದು ಇದರಿಂದಲೇ.

ಅಗ್ಗದ ಮಾಲು, ಬಿಚ್ಚಿಟ್ಟ ಗಾರ್ಡು

ನಮ್ಮಲ್ಲಿ ಬಹಳ ಕಾಲ ವಿದ್ಯುತ್ ಕೈ ಉಪಕರಣ ಅಂದರೆ ರಾಲಿವೂಲ್ಫ್, ಇಲ್ಲವೇ ಕೊಲ್ಲಾಪುರ ಜಿಲ್ಲೆಯ ಶಿರೋಳದ ಕೆಪಿಟಿ ಇಂಥ ಕೆಲವೇ ಹೆಸರು. 2001ರ ಏಪ್ರಿಲ್‌ನಲ್ಲಿ ಸರ್ಕಾರ ಆಮದಿನ ಮೇಲಿದ್ದ ಉಳಿದ ಪ್ರಮಾಣ ಮಿತಿಗಳನ್ನು ತೆಗೆದುಹಾಕಿತು. ಆ ನಂತರದ ವರ್ಷಗಳಲ್ಲಿ ಅಗ್ಗದ ಮಷಿನ್‌ಗಳು ಪೇಟೆ ತುಂಬಿದವು. ಅದರಿಂದ ಬಡಗಿಗೆ ಒಳ್ಳೆಯದೂ ಆಯಿತು. ಆದರೆ ಅಗ್ಗದ ಜೊತೆಗೆ ಒಂದು ಕೆಟ್ಟ ರೂಢಿಯೂ ಬಂತು. ಕಲ್ಲು ಕತ್ತರಿಸುವ 4 ಇಂಚಿನ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕುವುದು, ಗಾರ್ಡ್ ಅಡ್ಡ ಬರುತ್ತದೆ ಎಂದು ಬಿಚ್ಚಿಡುವುದು. ಕೆಲವರು ಅದನ್ನೇ ತಲೆಕೆಳಗಾಗಿ ಪ್ಲೈವುಡ್ ಮೇಜಿಗೆ ಕಟ್ಟುತ್ತಾರೆ. ಮರಕ್ಕೆಂದೇ ಮಾಡಿದ 7 ಇಂಚಿನ ಕಟ್ಟರ್ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗಿದರೆ, ಮಾರ್ಬಲ್ ಕಟ್ಟರ್ 12,000ಕ್ಕೂ ಹೆಚ್ಚು. ಮರದಲ್ಲಿ ಗಂಟು ಸಿಕ್ಕಿದರೆ ಮಷಿನ್ ಕೈಯಿಂದ ಹಾರುತ್ತದೆ. ಅಣ್ಣನ ಬೆರಳು ಹೋದದ್ದು ಹಾಗೇ.

1948ರ ಕಾರ್ಖಾನೆ ಕಾಯ್ದೆ ತಿರುಗುವ ಭಾಗಗಳಿಗೆ ತಡೆ ಇರಲೇಬೇಕು ಎನ್ನುತ್ತಿತ್ತು. ಆದರೆ ಅದು ಕಾರ್ಖಾನೆಗಳಿಗಾಗಿತ್ತು. ಒಬ್ಬನೇ ದುಡಿಯುವ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬಾತ 1999ರಲ್ಲಿ, ಚರ್ಮ ತಾಕಿದ ಕೂಡಲೇ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ನಿಂತುಬಿಡುವ ಗರಗಸ ಕಂಡುಹಿಡಿದ. ನಾವು ಮೂರು ಭಾನುವಾರ ನೋಡಿದ ಯಾವ ಮಷಿನ್‌ನಲ್ಲೂ ಅದು ಇರಲಿಲ್ಲ. ನಮಗೆ ಉಳಿದಿರುವುದು ಆ ತಗಡಿನ ಗಾರ್ಡ್ ಒಂದೇ.

ಕೊಳ್ಳುವ ಮುಂಚೆ

ಅಣ್ಣ ನೋಡುತ್ತಿದ್ದ ಕ್ರಮವನ್ನು ಹಾಗೇ ಬರೆದಿಡುತ್ತೇವೆ.

1. ಮೊದಲು ಗಾರ್ಡ್. ಇಲ್ಲದಿದ್ದರೆ ಆ ಮಾಡೆಲಿನ ಗಾರ್ಡ್ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಬಿಟ್ಟುಬಿಡಿ.

2. ಕರೆಂಟ್ ತೆಗೆದು ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ. ಆಡಿದರೆ ಬೇರಿಂಗ್ ಹೋಗಿದೆ. ಬೇರಿಂಗ್ ಅಗ್ಗ, ಆದರೆ ಚೌಕಾಸಿಗೆ ಅದು ಒಳ್ಳೆಯ ಕಾರಣ.

3. ಓಡಿಸಿ, ಗಾಳಿ ಕಿಂಡಿಯಲ್ಲಿ ನೋಡಿ. ಸಣ್ಣ ನೀಲಿ ಕಿಡಿ ಪರವಾಗಿಲ್ಲ, ಕಾರ್ಬನ್ ಬ್ರಷ್ ಬದಲಿಸಿದರೆ ಆಯಿತು. ಸುತ್ತಲೂ ಬೆಂಕಿಯ ಉಂಗುರದಂತೆ ಕಿಡಿ ಬಂದರೆ ಆರ್ಮೇಚರ್ ಹಾಳಾಗಿದೆ. ಸುಟ್ಟ ವಾಸನೆ ಬಂದರೆ ವೈಂಡಿಂಗ್.

4. ಐದು ನಿಮಿಷ ಬಿಡದೆ ಓಡಿಸಿ. ಮಾರುವವನು ಒಪ್ಪದಿದ್ದರೆ ಅಲ್ಲೇ ಉತ್ತರ ಇದೆ.

5. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತಿನ ಸಂಖ್ಯೆ ಮಷಿನ್‌ನ ಸುತ್ತಿಗಿಂತ ಹೆಚ್ಚಿರಬೇಕು.

6. ಬ್ಯಾಟರಿ ಮಷಿನ್ ಆದರೆ ಹೊಸ ಬ್ಯಾಟರಿಯ ಬೆಲೆ ಮೊದಲು ವಿಚಾರಿಸಿ. ಎಷ್ಟೋ ಸಲ ಅದೇ ಮಷಿನ್‌ಗಿಂತ ದುಬಾರಿ.

7. ಹಳೇ ಬಿಲ್ ಅಥವಾ ಮಾರುವವರ ಕೈಬರಹದ ಚೀಟಿ ತೆಗೆದುಕೊಳ್ಳಿ. ಕದ್ದ ಮಾಲು ಎಂದು ತಿಳಿದೂ ಕೊಳ್ಳುವುದು ಅಪರಾಧ.

8. ದಿಮ್ಮಿ ಕೊಯ್ಯುವ ದೊಡ್ಡ ಗರಗಸ ಕೊಳ್ಳುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ. 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದ ನಂತರ ಸಾಮಿಲ್ಲು ಲೈಸೆನ್ಸ್ ವಿಷಯ ಬಹಳ ಬಿಗಿಯಾಗಿದೆ.

9. ಮೂಗಿಗೆ ಒಳ್ಳೆಯ ಮಾಸ್ಕ್ ಹೊಸದನ್ನೇ ಕೊಳ್ಳಿ. ಮರದ ಧೂಳು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಮೂರನೇ ಭಾನುವಾರ

ಕೊನೆಗೆ ವ್ಯಾಪಾರ ಕುದುರಿದ್ದು ಅಂಗಡಿಯಲ್ಲೂ ಅಲ್ಲ, ಬಜಾರಿನಲ್ಲೂ ಅಲ್ಲ. ಪಕ್ಕದ ಹೋಬಳಿಯ ವಯಸ್ಸಾದ ಆಚಾರರೊಬ್ಬರ ಮನೆಯಲ್ಲಿ. ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿದ್ದರು. ಮಕ್ಕಳಿಗೆ ಕಸುಬು ಬೇಡ. ಕೈ ಪ್ಲೇನರ್, ಜಿಗ್ ಸಾ, ಡ್ರಿಲ್, ಮೂರನ್ನೂ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಎಣ್ಣೆ ಹಚ್ಚಿತ್ತು, ಪ್ಲೇನರಿನ ಬ್ಲೇಡ್ ಬಿಚ್ಚುವ ಕೀಲಿ ಕೂಡ ದಾರದಲ್ಲಿ ಕಟ್ಟಿತ್ತು. ಮೂರಕ್ಕೂ ಸೇರಿ 11 ಸಾವಿರ. ಅಣ್ಣ ಚೌಕಾಸಿ ಮಾಡಲಿಲ್ಲ.

"ಕಟ್ಟರ್ ಒಂದಿತ್ತಲ್ಲ ಆಚಾರ್ರೇ?" ಎಂದು ಕೇಳಿದರು.

"ಇದೆ. ಗಾರ್ಡಿನ ಸ್ಪ್ರಿಂಗ್ ಹೋಗಿದೆ. ಅದನ್ನ ಕೊಡಲ್ಲ ಕಣಪ್ಪ" ಅಂದರು ಅವರು. ಅಣ್ಣನ ಕೈ ಕಡೆ ಅವರು ಆಗಲೇ ನೋಡಿದ್ದರು.

ಕಟ್ಟರ್ ಮಾತ್ರ ಹೊಸದು ಕೊಂಡೆವು, ಗಾರ್ಡ್ ಸಮೇತ. ಉಳಿದ ದುಡ್ಡಿನಲ್ಲಿ ಕೊಟ್ಟಿಗೆಗೆ ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ ಹಾಕಿಸಿದ್ದಾಯಿತು. ಮೊದಲ ಕೆಲಸ ನಮ್ಮೂರಿನ ಅಂಗನವಾಡಿಯ ಕಿಟಕಿ. ಹಲಸಿನ ಮರದ್ದು. ಹೋದ ವಾರ ಕೂರಿಸಿ ಬಂದಿದ್ದಾರೆ.